ಇಗರ್ಜಿಯಲ್ಲಿ ಒಂದು ಮಾಫಿ

ಲ್ಯಾಮಿನೇಷನ್ ಯಂತ್ರ ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯಲ್ಲ, ಇನ್ನೇನು ಸುಡಬಹುದೇನೋ ಎಂಬ ವಾಸನೆ. ಸೇಫ್ಟಿ ಆಫೀಸರನಿಗೆ ಈ ಎರಡರ ವ್ಯತ್ಯಾಸ ಗೊತ್ತಿರಬೇಕು. ನನಗೆ ಸಂಬಳ ಬರುವುದು ಹೆಚ್ಚುಕಡಿಮೆ ಅದಕ್ಕೇ. ಹೋದ ವಾರ ಕತಾರಿನ ದುಖಾನ್ ಎಂಬಲ್ಲಿರುವ ನಮ್ಮ ಸೈಟ್ ಆಫೀಸಿನಲ್ಲಿ ಆ ಯಂತ್ರದ ಮುಂದೆ ನಿಂತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುವಾಗ ನಾನು ಗೋಡೆಗೆ ತೂಗುಹಾಕುವ ಹಾಳೆಯೊಂದಿದೆ. ಎಂಟು ವರ್ಷದ ಬಿಸಿಲಿಗೆ ಅದರ ಕೆಂಪು ಅಕ್ಷರಗಳು ಗುಲಾಬಿಯಾಗಿ, ಗುಲಾಬಿ ಬಿಳಿಯಾಗಿ, ಕೊನೆಗೆ ನಾನು ಖಾಲಿ ಹಾಳೆಯನ್ನು ತೋರಿಸಿ ಪಾಠ ಹೇಳುವ ಸ್ಥಿತಿ ಬಂದಿತ್ತು. ಹೊಸ ಪ್ರತಿ ತೆಗೆದು ಪ್ಲಾಸ್ಟಿಕ್ ಹೊದಿಸಬೇಕಿತ್ತು. ಹಸಿರು ದೀಪ ಹತ್ತುವುದನ್ನೇ ಕಾಯುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು, ಬ್ರಿಟನ್ನಿನ ಒಂದು ಹಳ್ಳಿಯ ಚರ್ಚು ನೆನಪಾಯಿತು.

ಬ್ರಿಟನ್ನಿಗೆ ಹೋಗಿಬಂದವರಿಗೆ ಮಳೆ ನೆನಪಾಗುತ್ತದೆ, ಹುಲ್ಲುಗಾವಲು ನೆನಪಾಗುತ್ತದೆ, ಚಹಾ ನೆನಪಾಗುತ್ತದೆ. ನನಗೆ ಬಿಸಿ ಪ್ಲಾಸ್ಟಿಕ್ಕು. ಇದು ಹೇಗೆ ಎಂದು ಹೇಳಬೇಕಾದರೆ ಮೊದಲು ಉಮರಬ್ಬನವರ ವಿಷಯ ಹೇಳಬೇಕು, ಅವರ ವಿಷಯ ಹೇಳಬೇಕಾದರೆ ಒಂದು ಜೊತೆ ಬೂಟಿನ ವಿಷಯ ಹೇಳಬೇಕು. ನಿಮಗೆ ಅವಸರವಿಲ್ಲ ಎಂದುಕೊಳ್ಳುತ್ತೇನೆ. ನಾನು ದಿನಾ ಅಲ್ ವುಕೈರ್‌ನ ನನ್ನ ಮನೆಯಿಂದ ದುಖಾನಿಗೆ ಬಸ್ಸಿನಲ್ಲಿ ಮರುಭೂಮಿ ನೋಡುತ್ತ ಹೋಗುವವನು, ಅವಸರ ಎನ್ನುವುದು ನನ್ನಲ್ಲಿ ಉಳಿದಿಲ್ಲ.

ಗಜೇಂದ್ರಗಡದಿಂದ ಕತಾರಿಗೆ ಬಂದಿಳಿದಾಗ ನನ್ನ ಕಾಲಲ್ಲಿ ಇದ್ದದ್ದು ಚಪ್ಪಲಿ. ಸೇಫ್ಟಿ ಆಫೀಸರ್ ಚಪ್ಪಲಿಯಲ್ಲಿ ಓಡಾಡಬಾರದೆಂದು ಸ್ಟೋರಿಗೆ ಅಟ್ಟಿದರು. ಕೌಂಟರಿನ ಆಚೆ ದಪ್ಪ ಕನ್ನಡಕದ, ಅಚ್ಚುಕಟ್ಟಾಗಿ ಗಡ್ಡ ಕತ್ತರಿಸಿದ ಮನುಷ್ಯರೊಬ್ಬರು ಕೂತಿದ್ದರು. ಎಂಟನೇ ನಂಬರಿನ ಬೂಟು ಬೇಕೆಂದು ಹಿಂದಿಯಲ್ಲಿ ಕೇಳಿದೆ. ಅವರು ತಲೆಯೆತ್ತದೆ ಅಂಗೈಯನ್ನು ಒಮ್ಮೆ ಹೀಗೆ ಮಗುಚಿ, "ಮಾಫಿ" ಎಂದರು. ನಮ್ಮ ಕಡೆ ಮಾಫಿ ಎಂದರೆ ಕ್ಷಮೆ. ಬೂಟು ಕೊಡಲಾಗದ್ದಕ್ಕೆ ಇಷ್ಟು ನೊಂದುಕೊಂಡರಲ್ಲ ಎನಿಸಿತು. ಪರವಾಗಿಲ್ಲ ಎಂದು ಸಮಾಧಾನ ಹೇಳಿ ಬಂದೆ. ಮರುದಿನವೂ ಮಾಫಿ. ಇಡೀ ಕತಾರಿನಲ್ಲಿ ಇಂಥ ವಿನಯವಂತ ಇನ್ನೊಬ್ಬನಿಲ್ಲ ಎಂದು ಊರಿಗೆ ಫೋನು ಮಾಡಿದಾಗ ಹೇಳಿದ್ದೆ. ಮೂರನೆಯ ದಿನ ಕೌಂಟರಿನಲ್ಲೇ ನನ್ನಷ್ಟಕ್ಕೆ ಗೊಣಗಿದೆ: "ಪಾಪ, ಎಷ್ಟ ಸಲ ಮಾಫಿ ಕೇಳ್ತಾನ ಈ ಮನಷ್ಯಾ."

ಆ ಮನುಷ್ಯರು ಕನ್ನಡಕ ತೆಗೆದರು. "ಎಂತದು, ಕನ್ನಡವಾ? ಇಲ್ಲಿ ಅರಬ್ಬಿಯಲ್ಲಿ ಮಾಫಿ ಅಂದ್ರೆ 'ಇಲ್ಲ' ಅಂತ ಮಾರಾಯ್ರೆ. ಬೂಟು ಇಲ್ಲ. ನಾನು ನಿಮ್ಮ ಹತ್ರ ಕ್ಷಮೆ ಯಾಕೆ ಕೇಳುವುದು?"

ಉಮರಬ್ಬನವರ ಪರಿಚಯವಾದದ್ದು ಹೀಗೆ. ಅವರು ಮಂಗಳೂರು ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವರು, ಆ ಸ್ಟೋರಿನಲ್ಲಿ ಅದಾಗಲೇ ಹನ್ನೆರಡು ವರ್ಷ ಮಾಫಿ ಹೇಳಿದ್ದವರು. ನನ್ನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಸೇಫ್ಟಿ ಎಂದರೆ ಮುಗಿಯಿತು. ನಾನು ಮಾತು ಮಾತಿಗೆ ಮೆಟ್ಟಿಲಲ್ಲಿ ಕಂಬಿ ಹಿಡಿಯಿರಿ, ಹೊರಗೆ ಬಂದಮೇಲೆ ತಲೆ ಎಣಿಸಿರಿ ಎನ್ನುವವನು. ಅವರು ನನ್ನನ್ನು ಅಣಕಿಸುತ್ತಲೇ ಕಂಬಿ ಹಿಡಿಯುವವರು. ಅವರ ಮನೆಯಾಕೆ ಜೋಹರಾಬಿ ಗುರುವಾರ ಗುರುವಾರ ಒತ್ತು ಶಾವಿಗೆ ಮಾಡಿ, ಬೆಲ್ಲ ಹಾಕಿದ ಕಾಯಿಹಾಲಿನ ಜೊತೆ ನನಗೂ ಒಂದು ಡಬ್ಬಿ ಕಳುಹಿಸುತ್ತಿದ್ದರು. ನಾನು ಶಾಕಾಹಾರಿ ಎಂದು ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದರಂತೆ. ಅದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು.

ಇನ್ನು ಆ ಹಾಳೆಯ ವಿಷಯ. ನಮ್ಮ ಕಸುಬಿನಲ್ಲಿ ಏನಾದರೂ ಅನಾಹುತವಾದರೆ ಐದು ಸಲ 'ಏಕೆ' ಎಂದು ಕೇಳಬೇಕು. ಮೊದಲ ಏಕೆಗೆ ಬರುವ ಉತ್ತರಕ್ಕೆ ಇನ್ನೊಂದು ಏಕೆ, ಅದರ ಉತ್ತರಕ್ಕೆ ಮತ್ತೊಂದು. ಐದನೆಯದರಲ್ಲಿ ಮೂಲ ಕಾರಣ ಸಿಗುತ್ತದೆ ಎಂದು ನಂಬಿಕೆ. ಸಣ್ಣ ಮಕ್ಕಳೂ ಇದನ್ನೇ ಮಾಡುತ್ತವೆ, ಅವಕ್ಕೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ.

ಎಂಟು ವರ್ಷದ ಹಿಂದೆ ಒಂದು ಗುರುವಾರ ಮಧ್ಯಾಹ್ನ ಕ್ರೇನು ಎತ್ತುತ್ತಿದ್ದ ಖಾಲಿ ನೀರಿನ ಟ್ಯಾಂಕು ಬೆಲ್ಟು ಹರಿದು ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಮ್ಯಾನೇಜರರ ಹೊಸ ಕಾರಿಗೆ ಮಾತ್ರ ಆಯಿತು. ಯಾರಿಗಾದರೂ ಕೈಕಾಲು ಮುರಿದಿದ್ದರೆ ವಿಚಾರಣೆ ನಿಧಾನವಾಗಿ ನಡೆಯುತ್ತಿತ್ತು. ಕಾರಾದ್ದರಿಂದ ಸಂಜೆಯೊಳಗೆ ರಿಪೋರ್ಟು ಬೇಕೆಂದರು. ಬರೆದವನು ನಾನು. ಟ್ಯಾಂಕು ಏಕೆ ಬಿತ್ತು? ಬೆಲ್ಟು ಹರಿಯಿತು. ಬೆಲ್ಟು ಏಕೆ ಹರಿಯಿತು? ಹಳೆಯದಾಗಿತ್ತು. ಹಳೆಯ ಬೆಲ್ಟು ಏಕೆ ಹೊರಗೆ ಬಂತು? ಪರಿಶೀಲನೆ ಆಗದೆಯೇ ಸ್ಟೋರ್‌ಕೀಪರ್ ಸಹಿ ಹಾಕಿ ಕೊಟ್ಟರು. ಅಲ್ಲಿಗೆ ನಿಲ್ಲಿಸಿ, ಮೂಲ ಕಾರಣ ಸಿಕ್ಕಿತು ಎಂದು ಬರೆದು ಗೆರೆ ಎಳೆದೆ.

ನಾಲ್ಕನೆಯ ಏಕೆ ಕೇಳಿದ್ದರೆ ಸಿಗುತ್ತಿದ್ದವನು ನಾನು. ಬೆಲ್ಟು ನೋಡುವುದು ನನ್ನ ಕೆಲಸ. ಉಮರಬ್ಬನವರು ಅವತ್ತು ಫೋನು ಮಾಡಿ, "ಸೇಫ್ಟಿ, ಕ್ರೇನು ನಿಂತುಂಟು, ಬಂದು ನೋಡ್ತೀರಾ?" ಎಂದು ಕೇಳಿದ್ದರು. ನಿಜ ಹೇಳುತ್ತೇನೆ, ನಾನು ಉಂಡು ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದೆ. "ಯಲ್ಲಾ, ನಡೀಲಿ, ಸಹಿ ಹಾಕಿಬಿಡ್ರಿ, ನಾ ನೋಡೇನಿ ಅಂತ ತಿಳೀರಿ" ಎಂದೆ. ಈ ಮಾತನ್ನು ರಿಪೋರ್ಟಿನಲ್ಲಿ ಬರೆಯಲಿಲ್ಲ. ಅವರಾದರೂ ಹೇಳುತ್ತಾರೆ, ಆಗ ಒಪ್ಪಿಕೊಂಡರಾಯಿತು ಎಂದು ಕಾದೆ. ಅವರು ಹೇಳಲಿಲ್ಲ. ಒಂದು ತಿಂಗಳಲ್ಲಿ ಅವರ ಕಾಂಟ್ರಾಕ್ಟು ಖಲಾಸ್ ಆಯಿತು. ಇಪ್ಪತ್ತೆರಡು ವರ್ಷದ ಸಂಸಾರವನ್ನು ಎಂಟು ಪೆಟ್ಟಿಗೆಗೆ ತುಂಬಿ, ನರ್ಸಾಗಿದ್ದ ಮಗಳಿದ್ದ ಬ್ರಿಟನ್ನಿಗೆ ಗಂಡ ಹೆಂಡತಿ ಹೊರಟುಹೋದರು. ನಾನು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ, ಡ್ಯೂಟಿ ಇದೆ ಎಂದು ಹೇಳಿಕಳುಹಿಸಿದೆ. ಅವತ್ತು ಶುಕ್ರವಾರ, ಇಲ್ಲಿ ವಾರದ ರಜೆ, ಡ್ಯೂಟಿ ಇರಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು, ನಾನು ಬೇಕಾದಷ್ಟು ಸಲ ಕೇಳಿಸಿಕೊಂಡಿದ್ದೆ.

ಆ ರಿಪೋರ್ಟು ಬಹಳ ಚೆನ್ನಾಗಿದೆ ಎಂದು ಮೇಲಿನವರು ಹೊಗಳಿದರು. ಹೆಸರು ತೆಗೆದು, ಬರಿ 'ಸ್ಟೋರ್‌ಕೀಪರ್' ಎಂದಿಟ್ಟು, ಪಾಠಕ್ಕೆ ಬಳಸಿರಿ ಎಂದರು. ಹಾಗೆ ಹುಟ್ಟಿದ್ದು ಈ ಗೋಡೆಯ ಹಾಳೆ. ಆ ಕಂಪನಿ ಮುಚ್ಚಿ ನಾನು ಇನ್ನೊಂದಕ್ಕೆ ಸೇರಿದಾಗಲೂ ಹಾಳೆ ನನ್ನ ಜೊತೆಗೇ ಬಂತು. 

ಎರಡು ವರ್ಷದ ಹಿಂದೆ ನನ್ನ ಹೆಂಡತಿ ಗಿರಿಜಾ ಬ್ರಿಟನ್ನಿಗೆ ಹೋಗೋಣವೆಂದಳು. ಅವಳಿಗೆ ಕೋಟೆ, ಚರ್ಚು ನೋಡುವ ಆಸೆ. ನನಗೆ ಉಮರಬ್ಬನವರನ್ನು ನೋಡಿ ಒಂದು ಮಾತು ಹೇಳಬೇಕಿತ್ತು. ಅದನ್ನು ಅವಳಿಗೆ ತಿಳಿಸಲಿಲ್ಲ. ಕೋಟೆಗಳ ಬಗ್ಗೆ ನನಗೂ ಬಹಳ ದಿನದಿಂದ ಕುತೂಹಲ ಎಂದುಬಿಟ್ಟೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

ಮೊದಲು ಹೋದದ್ದು ಉತ್ತರದ ಒಂದು ಊರಿಗೆ. ಕತಾರಿನಲ್ಲಿ ನಾವು ಮೊದಲಿದ್ದ ಮದೀನತ್ ಖಲೀಫಾದಲ್ಲಿ ಪಕ್ಕದ ಮನೆಯಲ್ಲಿದ್ದ ಧಾರವಾಡದ ಡಾಕ್ಟರ್ ದಂಪತಿ ಅಲ್ಲಿದ್ದರು. ನಾಲ್ಕು ದಿನದಲ್ಲಿ ಮೂರು ಕೋಟೆ, ಎರಡು ದೊಡ್ಡ ಚರ್ಚು ತೋರಿಸಿದರು. ಬ್ರಿಟನ್ನಿನವರ ಕೋಟೆಗಳನ್ನು ನಾನು ಮೆಚ್ಚಿದೆ. ಬಿದ್ದುಹೋದದ್ದನ್ನು ಬಿದ್ದಷ್ಟೇ ಬಿದ್ದಿರುವಂತೆ, ಇನ್ನೊಂದು ಕಲ್ಲೂ ಬೀಳದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಆದರೆ ಎಲ್ಲ ಕೋಟೆಯಲ್ಲೂ ನನಗೆ ಕೆಲವು ಆಕ್ಷೇಪಣೆಗಳಿದ್ದವು. ಮೆಟ್ಟಿಲು ಒಂದರಂತೆ ಇನ್ನೊಂದಿಲ್ಲ, ಕಂಬಿಯಿಲ್ಲ, ಹೊರಹೋಗಲು ಎರಡನೆಯ ದಾರಿಯಿಲ್ಲ, ಕಾದೆಣ್ಣೆ ಸುರಿಯುವ ಕಿಂಡಿಯ ಕೆಳಗೇ ಜನರ ಓಡಾಟ. ಇದನ್ನೆಲ್ಲ ಅಲ್ಲಿದ್ದ ಕಾವಲಿನ ಅಜ್ಜನಿಗೆ ಹೇಳಿದೆ. ಅವನು ಎಂಟುನೂರು ವರ್ಷದಲ್ಲಿ ಇದೇ ಮೊದಲ ದೂರು ಎಂದ.

"ಇವರು ಕ್ವಾಟಿ ನೋಡಾಕ ಬಂದಾರೋ, ಆಡಿಟ್ ಮಾಡಾಕ ಬಂದಾರೋ," ಎಂದು ಗಿರಿಜಾ ಡಾಕ್ಟರರ ಹೆಂಡತಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಗಜೇಂದ್ರಗಡದಾಗೂ ಕ್ವಾಟಿ ಐತಿ. ಲಗ್ನ ಆಗಿ ಇಪ್ಪತ್ತಾರು ವರ್ಷಾತು, ಒಂದ ದಿನಾ ಹತ್ತಿಸಿಲ್ಲ ನೀವು," ಎಂದಳು. ಅಲ್ಲಿಯೂ ಕಂಬಿಯಿಲ್ಲ ಎಂದೆ.

ಉಮರಬ್ಬನವರ ಊರಿಗೆ ರೈಲು ಇರಲಿಲ್ಲ. ದಿನಕ್ಕೆ ಮೂರು ಬಸ್ಸು. ನಾವು ಇಳಿದಾಗ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕನ್ನಡಕ ಅದೇ. "ಎಂತ ಸೇಫ್ಟಿ, ಇಳಿಯುವಾಗ ಕಂಬಿ ಹಿಡಿದ್ರಾ?" ಎಂದರು. ಆರು ವರ್ಷದ ಮೇಲೆ ಅವರ ಮೊದಲ ಮಾತು ಅದು. ಮನೆಗೆ ಹೋದೊಡನೆ ಜೋಹರಾಬಿ ಒತ್ತು ಶಾವಿಗೆ ಬಡಿಸಿದರು. ನಾನು ಒಂದೇ ತಟ್ಟೆಗೆ ಸಾಕೆಂದೆ. "ಕತಾರಿನಲ್ಲಿ ಎರಡು ತಟ್ಟೆ ಖಾಲಿ ಮಾಡ್ತಿದ್ರಲ್ಲ?" ಎಂದು ಅವರು ಕೇಳಿದರು. ವಯಸ್ಸಾಯಿತು ಎಂದೆ.

ಮರುದಿನದಿಂದ ಉಮರಬ್ಬನವರು ನಮಗೆ ಸುತ್ತಲಿನ ಊರುಗಳನ್ನು ತೋರಿಸತೊಡಗಿದರು. ನಾನು ಮಾತು ತೆಗೆಯಲು ಬಾಯಿ ತೆರೆದಾಗಲೆಲ್ಲ ಎದುರಿಗೆ ಒಂದು ಕೋಟೆ ಬರುತ್ತಿತ್ತು. ಒಂದು ಕಡೆ ಸುರುಳಿ ಮೆಟ್ಟಿಲು ಕಂಡು, ಇಂಥದ್ದರಲ್ಲಿ ಯಾರಾದರೂ ಬಿದ್ದರೆ ಎಂದು ಕೇಳಿದೆ. "ಬೀಳ್ಲಿ ಅಂತ್ಲೇ ಮಾಡಿದ್ದು ಮಾರಾಯ್ರೆ. ಮೇಲೆ ಬರುವವ ಶತ್ರು," ಎಂದರು. ಇನ್ನೊಂದು ಕಡೆ ತೂಗುಸೇತುವೆ ಎತ್ತುವ ಹಗ್ಗ ನೋಡಿ, "ಹಗ್ಗ ಹಳೇದಾದ್ರೆ ಎಲ್ಲ ಹೋಯ್ತು," ಎಂದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಅಲ್ಲೇ ಬೂಟಿನ ಲೇಸು ಕಟ್ಟಲು ಬಗ್ಗಿದೆ. ಲೇಸು ಕಟ್ಟಿಯೇ ಇತ್ತು.

ಮೂರನೆಯ ದಿನ, "ಇವತ್ತು ನನ್ನ ಆಫೀಸು ತೋರಿಸ್ತೇನೆ," ಎಂದು ಊರ ಚರ್ಚಿಗೆ ಕರೆದುಕೊಂಡು ಹೋದರು. ಉಮರಬ್ಬನವರು ಆ ಚರ್ಚಿನ ಗೈಡು. ಸಂಬಳವಿಲ್ಲದ ಕೆಲಸ. ಬಂದ ಹೊಸದರಲ್ಲಿ ಒಂದು ದಿನ ಮಳೆಗೆ ಒಳಗೆ ನಿಂತರಂತೆ. ಅಲ್ಲಿದ್ದ ಮುದುಕಿಯೊಬ್ಬಳು ಚಹಾ ಕೊಟ್ಟು, ಕುರ್ಚಿ ಸರಿಸಲು ಕೈಹಾಕುತ್ತೀರಾ ಎಂದಳಂತೆ. ಕುರ್ಚಿ ಇಡಲು ಹಿಂದಿನ ಕೋಣೆಗೆ ಹೋದವರು ಆ ಕೋಣೆ ನೋಡಿ ಸಂಕಟಪಟ್ಟರು. ಮೇಣದಬತ್ತಿ ಎಲ್ಲೋ, ಪುಸ್ತಕ ಎಲ್ಲೋ, ಪಟ್ಟಿ ಎನ್ನುವುದೇ ಇಲ್ಲ. ಸ್ಟೋರ್‌ಕೀಪರರ ಜೀವ ತಡೆಯುವುದುಂಟೇ? ಒಂದು ವಾರ ಕೂತು ಎಲ್ಲಕ್ಕೂ ಚೀಟಿ ಅಂಟಿಸಿದರು. ಅಂದಿನಿಂದ ಪಾದ್ರಿಯೂ ಮೇಣದಬತ್ತಿಗೆ ಇವರನ್ನೇ ಕೇಳಬೇಕು. ಶುಕ್ರವಾರ ಮಾತ್ರ ಇವರು ಚರ್ಚಿಗೆ ರಜೆ ಹಾಕುತ್ತಾರೆ. ಮಗಳ ಕಾರಿನಲ್ಲಿ ಪಕ್ಕದ ಪಟ್ಟಣದ ಮಸೀದಿಗೆ ನಮಾಜಿಗೆ ಹೋಗಬೇಕು. ಚರ್ಚಿನವರು ಅದನ್ನು ನೋಟಿಸ್ ಬೋರ್ಡಿನಲ್ಲೇ ಹಾಕಿದ್ದಾರೆ.

ಬಾಗಿಲ ಬಳಿ ಒಂದು ಮರದ ಗೂಡಿನಲ್ಲಿ ಪ್ರವಾಸಿಗಳಿಗೆಂದು ಪ್ಲಾಸ್ಟಿಕ್ ಹೊದಿಸಿದ ಹಾಳೆಗಳಿದ್ದವು. ಇಂಗ್ಲಿಷು, ಫ್ರೆಂಚು, ಜರ್ಮನ್, ಜಪಾನಿ. ಕೊನೆಯ ಗೂಡಿನಲ್ಲಿ ಕನ್ನಡ.

ನಾನೂ ಗಿರಿಜಾಳೂ ಒಬ್ಬರನ್ನೊಬ್ಬರು ನೋಡಿದೆವು. "ಒಂದು ಗೂಡು ಖಾಲಿ ಇತ್ತು," ಎಂದರು ಉಮರಬ್ಬನವರು. "ಖಾಲಿ ಇದ್ರೆ ನನಗೆ ಆಗುವುದಿಲ್ಲ. ಬರೆದು ಐದು ವರ್ಷ ಆಯ್ತು. ಓದುವವರು ಬಂದದ್ದು ಇವತ್ತೇ."

ಹಿಂದಿನ ಕೋಣೆಯಲ್ಲಿ ಅವರದ್ದೇ ಲ್ಯಾಮಿನೇಷನ್ ಯಂತ್ರವಿತ್ತು. ನಮಗೊಂದು ಪ್ರತಿ ಮಾಡಿಕೊಡುತ್ತೇನೆಂದು ಅದನ್ನು ಹಚ್ಚಿದರು. ಆ ತಣ್ಣನೆಯ ಕಲ್ಲಿನ ಕಟ್ಟಡದಲ್ಲಿ, ಮೇಣ ಮತ್ತು ಹಳೆಯ ಮರದ ವಾಸನೆಯ ನಡುವೆ, ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ನಾನು ಬೆಂಚಿನ ಮೇಲೆ ಕೂತು ಓದಿದೆ. 'ಈ ಇಗರ್ಜಿಯು ಬಹಳ ಹಳತು' ಎಂದು ಶುರುವಾಗಿತ್ತು. ಇಗರ್ಜಿ ಎಂದರೇನೆಂದು ಗಿರಿಜಾ ಕೇಳಿದಳು. ಅವರ ಕಡೆ ಚರ್ಚಿಗೆ ಹಾಗೆನ್ನುತ್ತಾರೆ ಎಂದೆ. ಗಾಜಿನ ಕಿಟಕಿ, ಕಲ್ಲಿನ ಸಮಾಧಿ, ಹಳೆಯ ಗಂಟೆ ಎಲ್ಲದರ ವಿವರ, ಸ್ಟಾಕ್ ಪುಸ್ತಕದ ಹಾಗೆ, ಒಂದೂ ಬಿಟ್ಟಿರಲಿಲ್ಲ. ಕೊನೆಯ ಸಾಲುಗಳು ಹೀಗಿದ್ದವು: 'ಗೋಪುರಕ್ಕೆ ಹತ್ತುವವರು ಒಂದು ಕೈ ಸದಾ ಹಗ್ಗದ ಮೇಲೆ ಇಡಬೇಕು. ಇಳಿದ ಮೇಲೆ ತಲೆ ಎಣಿಸಬೇಕು. ಇದನ್ನು ನನಗೆ ಕಲಿಸಿದವರು ಕತಾರಿನ ನನ್ನ ಸ್ನೇಹಿತರು.'

ಐದು ವರ್ಷದ ಹಿಂದೆ ಬರೆದದ್ದು. ನನ್ನಿಂದಾಗಿ ಅವರ ಕೆಲಸ ಹೋಗಿ ಆಗ ಒಂದು ವರ್ಷವಾಗಿತ್ತಷ್ಟೆ. ಯಾರೂ ಓದಲಾರದ ಭಾಷೆಯಲ್ಲಿ, ಯಾರೂ ಕೇಳದೆ, ಸ್ನೇಹಿತ ಎಂದು ಬರೆದಿದ್ದರು. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನನಗೆ ಅಳು ಬಂತು. ಗಿರಿಜಾ ಕಿಟಕಿ ನೋಡುವವಳಂತೆ ಎದ್ದು ಆಚೆ ಹೋದಳು.

ಗೋಪುರ ಹತ್ತಿದೆವು, ಮೂವರೂ, ಕಂಬಿಯ ಬದಲು ಗೋಡೆಗುಂಟ ಕಟ್ಟಿದ್ದ ಹಗ್ಗ ಹಿಡಿದು. ಮೇಲಿನಿಂದ ಕುರಿಗಳು ಕಾಣುತ್ತಿದ್ದವು. ಗಿರಿಜಾ ಇನ್ನೊಂದು ಮೂಲೆಯಲ್ಲಿ ಫೋಟೊ ತೆಗೆಯುತ್ತಿದ್ದಳು. ನಾನು ಇನ್ನೊಂದು ಕೋಟೆ ಅಡ್ಡ ಬರುವ ಮೊದಲು ಹೇಳಿಬಿಟ್ಟೆ. "ಉಮರಬ್ಬಣ್ಣಾರ, ಆ ಗುರುವಾರ ಸಹಿ ಹಾಕ್ರಿ ಅಂದಾಂವ ನಾನು. ರಿಪೋರ್ಟಿನಾಗ ಅದನ್ನ ಬರೀಲಿಲ್ಲ. ನಿಮ್ಮ ಕೆಲಸಾ ನಾನ ಕಳದೆ. ನನಗ ಮಾಫಿ ಮಾಡ್ರಿ."

ಅವರು ಕುರಿಗಳನ್ನು ನೋಡುತ್ತಲೇ ಇದ್ದರು. ಆಮೇಲೆ ಅಂಗೈಯನ್ನು ಒಮ್ಮೆ ಮಗುಚಿ, "ಮಾಫಿ" ಎಂದರು. "ಇಳಿಯುವಾಗ ಹಗ್ಗ ಬಿಡ್ಬೇಡಿ," ಎಂದು ಇಳಿದೇ ಹೋದರು. ನಾವು ಕೆಳಗೆ ಬಂದಾಗ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. "ಒಂದು, ಎರಡು, ನಾನು ಮೂರು. ಸರಿ ಉಂಟು."

ನೀವೇ ಹೇಳಿ, ಇದನ್ನು ಏನೆಂದು ತಿಳಿಯಬೇಕು? ನನ್ನ ಕನ್ನಡದ ಮಾಫಿಯಾದರೆ ಕ್ಷಮಿಸಿದರು. ಅವರ ಕೌಂಟರಿನ ಮಾಫಿಯಾದರೆ, ಕ್ಷಮೆ ಸ್ಟಾಕಿನಲ್ಲಿಲ್ಲ. ಕೈ ಮಗುಚಿದ್ದು ಬೂಟಿಲ್ಲ ಎನ್ನುವಾಗ ಮಗುಚಿದ ಹಾಗೆಯೇ ಇತ್ತು. ಹೊರಡುವವರೆಗೆ ಅವರು ಮತ್ತೆ ಆ ಮಾತೆತ್ತಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ವಾಪಸು ಬರುವಾಗ ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳಿಗೆ ಅರ್ಧ ಮೊದಲೇ ಗೊತ್ತಿತ್ತಂತೆ. ನನಗೆ ಕೋಟೆಯ ಕುತೂಹಲ ಹುಟ್ಟಿದಾಗಲೇ ಅನುಮಾನ ಬಂದಿತ್ತಂತೆ. "ನೀವು ಕೇಳಿದ್ದು ಕನ್ನಡದಾಗ. ಅವರು ಹೇಳಿದ್ದು ಯಾವದರಾಗ ಅಂತ ಅವರನ್ನ ಕೇಳಬೇಕಿತ್ತು," ಎಂದಳು. ಆಮೇಲೆ, "ಮಾಫಿ ಕೇಳಿದ್ರಿ ಖರೆ. ತಿದ್ದಿದ್ದೇನು?" ಎಂದಳು.

ಆಮೇಲಿನ ಎರಡು ವರ್ಷ ನಾನು ತಿದ್ದಿದ್ದು ಏನೂ ಇಲ್ಲ. ಗೋಡೆಯ ಹಾಳೆ ಬಿಸಿಲಿಗೆ ಬಿಳುಚುವುದನ್ನು ನೋಡುತ್ತಿದ್ದೆ. ಪೂರ್ತಿ ಅಳಿಸಿಹೋಗಲಿ ಎಂದು ಕಾಯುತ್ತಿದ್ದೆನೋ ಏನೋ.

ಹೋದ ವಾರ ಯಂತ್ರದ ಹಸಿರು ದೀಪ ಹತ್ತಿದಾಗ ನಾನು ಕೈಯಲ್ಲಿದ್ದ ಹಾಳೆಯನ್ನು ಅದರ ಬಾಯಿಗೆ ಕೊಡಲಿಲ್ಲ. ಕಂಪ್ಯೂಟರಿಗೆ ಹೋಗಿ ಕಡತ ತೆರೆದೆ. ಮೂರರ ಕೆಳಗೆ ನಾಲ್ಕನ್ನು ಬರೆದೆ. ಸ್ಟೋರ್‌ಕೀಪರ್ ಏಕೆ ಸಹಿ ಹಾಕಿದರು? ಬಂದು ನೋಡಬೇಕಾದ ಸೇಫ್ಟಿ ಆಫೀಸರ್ ಬಾರದೆ, ಸಹಿ ಹಾಕಿ ಎಂದು ಫೋನಿನಲ್ಲೇ ಹೇಳಿದ್ದರಿಂದ. ಆ ಸೇಫ್ಟಿ ಆಫೀಸರ್ ನಾನು. ಐದನೆಯದು, ಅವನು ಏಕೆ ಬರಲಿಲ್ಲ ಎನ್ನುವುದಕ್ಕೆ, ನಿದ್ದೆ ಎಂದು ಬರೆಯಲು ಕೈ ಬರಲಿಲ್ಲ. ಪ್ರಶ್ನೆಯಷ್ಟೇ ಬರೆದು ಉತ್ತರದ ಜಾಗ ಖಾಲಿ ಬಿಟ್ಟು, ಪ್ಲಾಸ್ಟಿಕ್ ಹೊದಿಸಿ, ಬಿಸಿ ಆರುವ ಮೊದಲೇ ಫೋಟೊ ತೆಗೆದು ಉಮರಬ್ಬನವರಿಗೆ ಕಳುಹಿಸಿದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. 'ಖಾಲಿ ಇಟ್ಟರೆ ನನಗೆ ಆಗುವುದಿಲ್ಲ. ಐದನೆಯದು ಬರೆದುಕೊಳ್ಳಿ. ಅವತ್ತು ಗುರುವಾರ. ಒತ್ತು ಶಾವಿಗೆ, ಎರಡು ತಟ್ಟೆ. ಫೋನಿನಲ್ಲಿ ನಿಮ್ಮ ಆಕಳಿಕೆ ಕೇಳಿತ್ತು. ಡಬ್ಬಿ ತಂದುಕೊಟ್ಟದ್ದು ನಾನು. ಹಾಗಾಗಿ ಮೂಲ ಕಾರಣ ಸ್ಟೋರ್‌ಕೀಪರೇ. ನಿಮ್ಮ ರಿಪೋರ್ಟು ಸರಿ ಉಂಟು.'

ಅದನ್ನು ಎರಡು ಸಲ ಓದಿದೆ. ಅವರಿಗೆ ಅವತ್ತೇ ಗೊತ್ತಿತ್ತು. ಮಲಗಿದವನನ್ನು ಎಬ್ಬಿಸಬಾರದೆಂದು ಸಹಿ ಹಾಕಿದರು, ಅದನ್ನು ಯಾರಿಗೂ ಹೇಳದೆ ಊರು ಬಿಟ್ಟರು. ಗೋಪುರದ ಮೇಲಿನ ಮಾಫಿ ಎಂದರೆ ಏನೆಂದು ಇನ್ನು ಕೇಳಬೇಕಾಗಿಲ್ಲ: ಕ್ಷಮಿಸಲು ಏನೂ ಇಲ್ಲ ಎಂದು. ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಹತ್ತುವುದಿಲ್ಲ. ದಪ್ಪ ಮಾರ್ಕರಿನಿಂದ ಐದರ ಎದುರಿಗೆ 'ಶಾವಿಗೆ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ.

ಮರುದಿನ ಪಾಠಕ್ಕೆ ಹದಿನಾಲ್ಕು ಜನ ಹೊಸಬರಿದ್ದರು. ನಾಲ್ಕನೆಯ ಏಕೆಗೆ ಬಂದೆ. ನಾನು ನನ್ನ ಹೆಸರು ಹೇಳಿ ಮುಂದುವರಿದೆ. ಐದಕ್ಕೆ ಬಂದಾಗ ಹಿಂದಿನ ಸಾಲಿನ ಮಲಯಾಳಿ ವೆಲ್ಡರ್ ಕೈಯೆತ್ತಿ, "ಸರ್, ವಾಟ್ ಈಸ್ ಶಾವಿಗೆ?" ಎಂದು ಕೇಳಿದ. ಅಕ್ಕಿ ಹಿಟ್ಟು ಬೇಯಿಸುವುದರಿಂದ ಹಿಡಿದು ಒತ್ತುವ ಮಣೆ, ಕಾಯಿಹಾಲು, ಬೆಲ್ಲ, ಬೇರೆ ಪಾತ್ರೆ ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದೆ. ಪಾಠ ಇಪ್ಪತ್ತು ನಿಮಿಷ ತಡವಾಗಿ ಮುಗಿಯಿತು. ಊಟದ ಹೊತ್ತಾಗಿತ್ತು. ಅವರನ್ನೆಲ್ಲ ಕಳುಹಿಸಿ ನಾನು ಸ್ಟೋರಿಗೆ ಹೋದೆ. ಅವತ್ತು ಕ್ರೇನಿಗೆ ಹೋಗಬೇಕಾದ ಬೆಲ್ಟುಗಳನ್ನು ಒಂದೊಂದಾಗಿ ಬಿಡಿಸಿ, ಅಂಚು ಮುಟ್ಟಿ ನೋಡಿ, ಸಹಿ ಹಾಕಿದೆ. ಆಮೇಲೆ ಉಂಡೆ.